ಮಾಸ್ಕೋದ ಪುಷ್ಕಿನ್ ಚೌಕದ ಬರ್ಗರ್ ಅಂಗಡಿ: ಕೌಂಟರ್‌ಗೆ ಐದು ಸ್ಟಾರ್, ಉಳಿದದ್ದಕ್ಕೆ ಕೇಳಬೇಡಿ

ತಿಂಡಿ ವಿಷಯ ಮೊದಲು ಹೇಳಿಬಿಡುತ್ತೇನೆ. ಹಿಂದೆ ಮೆಕ್‌ಡೊನಾಲ್ಡ್ಸ್ ಆಗಿದ್ದ ಈ ‘ವ್ಕೂಸ್ನೋ ಇ ತೋಚ್ಕಾ’ದಲ್ಲಿ ನಾನು ತಿಂದ ಚಿಕನ್ ಬರ್ಗರ್ ಬಿಸಿಬಿಸಿಯಾಗಿತ್ತು, ಆಲೂ ಫ್ರೈಸ್ ಗರಿಗರಿಯಾಗಿತ್ತು. ಕೋಲಾ ‘ದೋಬ್ರಿ’ ಅನ್ನುವ ಅಲ್ಲಿನದೇ ಬ್ರ್ಯಾಂಡ್. ಖಾರ ಮಾತ್ರ ನಿರೀಕ್ಷಿಸಬೇಡಿ. ನಾನು ಬ್ಯಾಗಿನಲ್ಲಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ಜೊತೆಗೆ ಬಂದಿದ್ದ ಮೇಡಂ ಕೂಡ ಒಂದು ಫ್ರೈ ಅದ್ದಿ ತಿಂದು ನೋಡಿದರು, ಆಮೇಲೆ ಪೊಟ್ಟಣ ತಮ್ಮ ಕಡೆಗೇ ಎಳೆದುಕೊಂಡರು.

ಪುಷ್ಕಿನ್‌ಸ್ಕಾಯಾ ಮೆಟ್ರೋ ಹತ್ತಿರವೇ, ಬೊಲ್ಶಾಯಾ ಬ್ರೋನ್ನಾಯಾ ಬೀದಿಯ ಮೂಲೆಯಲ್ಲಿದೆ. ಹೋಗುವವರು ನಗದು ಇಟ್ಟುಕೊಂಡಿರಿ. 2022ರ ಮಾರ್ಚ್‌ನಿಂದ ಹೊರದೇಶದಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ನಡೆಯುವುದಿಲ್ಲ. ತಮಾಷೆ ನೋಡಿ, 1990ರಲ್ಲಿ ಈ ಅಂಗಡಿಯ ದೊಡ್ಡ ಹೆಗ್ಗಳಿಕೆಯೇ ರೂಬಲ್ ತಗೊಳ್ಳುತ್ತಿದ್ದದ್ದು. ಆಗ ಒಳ್ಳೆಯ ವಿದೇಶಿ ಸಾಮಾನು ಬೇಕೆಂದರೆ ವಿದೇಶಿ ದುಡ್ಡು ಮಾತ್ರ ತಗೊಳ್ಳುವ ಡಾಲರ್ ಅಂಗಡಿಗೇ ಹೋಗಬೇಕಿತ್ತು.

ಹೌದು, ಇದು ಅದೇ ಅಂಗಡಿ. ಸೋವಿಯತ್ ಒಕ್ಕೂಟದ ಮೊದಲ ಮೆಕ್‌ಡೊನಾಲ್ಡ್ಸ್. 1990ರ ಜನವರಿ 31ರಂದು ತೆರೆದಾಗ ಮೊದಲ ದಿನವೇ 30 ಸಾವಿರಕ್ಕೂ ಹೆಚ್ಚು ಜನ ತಿಂದರು. ಔಷಧ ಕಂಪನಿ ಕೆಲಸದ ಮೇಲೆ ನಾನು ಮಾಸ್ಕೋಗೆ ಹೋಗಿ ಬರುತ್ತಿರುತ್ತೇನೆ. ಜೊತೆಗೆ ಬಂದಿದ್ದ ಮೇಡಂ ಅಲ್ಲಿ ನಮ್ಮ ಲೆಕ್ಕಪತ್ರ ನೋಡಿಕೊಳ್ಳುವವರು, 1990ರಲ್ಲಿ ಶಾಲೆಗೆ ಹೋಗುವ ಹುಡುಗಿ. ಆ ಚಳಿಗಾಲದಲ್ಲೇ ಅಪ್ಪನ ಜೊತೆ ಇಲ್ಲಿ ಕ್ಯೂ ನಿಂತಿದ್ದರಂತೆ.

ಬರ್ಗರ್ ರುಚಿ ಅವರಿಗೆ ನೆನಪಿಲ್ಲ. ನೆನಪಿರುವುದು ಕೌಂಟರ್. ಸೋವಿಯತ್ ಅಂಗಡಿಯಲ್ಲಿ ಒಂದು ತುಂಡು ಚೀಸ್ ಕೊಳ್ಳಲು ಮೂರು ಸಲ ನಿಲ್ಲಬೇಕಿತ್ತು. ತೂಕ ಹಾಕಿಸಿ ಬೆಲೆ ಕೇಳಲು ಒಂದು ಕ್ಯೂ, ಗಲ್ಲಾದಲ್ಲಿ ದುಡ್ಡು ಕಟ್ಟಲು ಇನ್ನೊಂದು, ಚೀಟಿ ತೋರಿಸಿ ಸಾಮಾನು ಈಸಿಕೊಳ್ಳಲು ಮತ್ತೊಂದು. ಅಷ್ಟರಲ್ಲಿ ಚೀಸ್ ಖಾಲಿಯಾಗಿರಲೂಬಹುದು. ಇಲ್ಲಿ ಕೇಳೋದು, ಕಟ್ಟೋದು, ತಗೊಳ್ಳೋದು ಎಲ್ಲಾ ಒಂದೇ ಕಡೆ. ಮೇಲಿಂದ ಕೌಂಟರ್‌ನಲ್ಲಿದ್ದ ಹುಡುಗಿ ನಕ್ಕಳಂತೆ. ‘ನಮ್ಮಪ್ಪನಿಗೆ ಅನುಮಾನ ಬಂತು, ಏನೋ ಮೋಸ ಇದೆ ಅಂದುಕೊಂಡರು’ ಅಂದರು ಮೇಡಂ.

ಆ ನಗುವಿನ ಹಿಂದೆ ಬಹಳ ಕೆಲಸ ಇತ್ತು. ಮೆಕ್‌ಡೊನಾಲ್ಡ್ಸ್ ಕಂಪನಿಯ ಕೆನಡಾ ಶಾಖೆಯ ಜಾರ್ಜ್ ಕೊಹನ್ 1976ರಲ್ಲಿ ಶುರುಮಾಡಿದ ಮಾತುಕತೆ ಮುಗಿದು ಅಂಗಡಿ ತೆರೆಯುವ ಹೊತ್ತಿಗೆ 14 ವರ್ಷ ಹಿಡಿಯಿತು. ಬೇಕಾದ ಗುಣಮಟ್ಟದ ಮಾಂಸ, ಬನ್, ಆಲೂಗಡ್ಡೆ ಸರ್ಕಾರಿ ಕಾರ್ಖಾನೆಗಳಿಂದ ಸಿಗುವಂತಿರಲಿಲ್ಲ. ಹಾಗಾಗಿ ಮಾಸ್ಕೋ ಅಂಚಿನ ಸೊಲ್ನ್‌ತ್ಸೆವೊದಲ್ಲಿ ತಮ್ಮದೇ ಕಾರ್ಖಾನೆ ಕಟ್ಟಿದರು. ಸುಮಾರು 600 ಕೆಲಸಕ್ಕೆ 27 ಸಾವಿರ ಅರ್ಜಿ ಬಂದಿದ್ದವು. ‘ರಷ್ಯನ್ನರು ನಗೋದಿಲ್ಲ, ಅವರ ಸ್ವಭಾವವೇ ಹಾಗೆ, ಅಲ್ಲೇನೂ ಬದಲಾಗಲ್ಲ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಜನ ಅದೇ ಜನ. ಕೆಲಸದ ರೀತಿ ಬದಲಾದ ಕೂಡಲೇ ಅವರೂ ಬದಲಾದರು. ಈಗಂತೂ ಪರದೆಯ ಮೇಲೆ ಚಿತ್ರ ಒತ್ತಿದರೆ ಆರ್ಡರ್ ಆಗುತ್ತದೆ. ನಾನು ನಗದು ಕೊಡಬೇಕಿದ್ದರಿಂದ ಕೌಂಟರ್‌ಗೆ ಹೋದೆ. ಇಪ್ಪತ್ತರ ಹುಡುಗ ನನ್ನ ಮುರುಕು ರಷ್ಯನ್ ಕೇಳಿಸಿಕೊಂಡ, ಕೈಸನ್ನೆ ಅರ್ಥಮಾಡಿಕೊಂಡ, ಚಿಲ್ಲರೆ ಎಣಿಸಿ ಕೊಟ್ಟ.

ಬದಲಾಗದೇ ಉಳಿದದ್ದು ಕೌಂಟರ್‌ಗಿಂತ ಮೇಲಿನದ್ದು, ಅಂದರೆ ಅಧಿಕಾರದಲ್ಲಿರುವವರ ರೀತಿ. 1992ರ ಜನವರಿ 2ರಂದು ಸುಧಾರಣೆಗಳ ಹೊಣೆ ಹೊತ್ತಿದ್ದ ಗೈದರ್ ಅವರ ಸರ್ಕಾರ ಬೆಲೆಗಳ ಮೇಲಿನ ನಿಯಂತ್ರಣ ಬಿಟ್ಟಿತು, ಜನರ ಉಳಿತಾಯ ಕರಗಿಹೋಯಿತು. ಅದೇ ವರ್ಷ ಎಲ್ಲರಿಗೂ 10 ಸಾವಿರ ರೂಬಲ್ ಮುಖಬೆಲೆಯ ಒಂದೊಂದು ವೋಚರ್ (ಸರ್ಕಾರಿ ಕಾರ್ಖಾನೆಗಳ ಷೇರಿಗೆ ಬದಲಿಸಿಕೊಳ್ಳುವ ಚೀಟಿ) ಹಂಚಿ, ‘ನೀವೇ ಮಾಲೀಕರು’ ಅಂದರು. ಮೇಡಂ ಮನೆಯವರು ತಮ್ಮದನ್ನು ಮಾರಿ ಚಳಿಗಾಲದ ಬೂಟು ತಗೊಂಡರಂತೆ. ಅಂಗಡಿ ಬಂತು, ಸಾಮಾನು ಬಂತು. ನಿಮ್ಮ ಅಂಗಡಿಯನ್ನು ಯಾರೂ ಸುಮ್ನೆ ಬಂದು ಮುಚ್ಚಿಸಲಾರರು ಎಂಬ ಭರವಸೆ ಮಾತ್ರ ಬರಲಿಲ್ಲ. ಇದೇ ಅಂಗಡಿಯನ್ನು 2014ರ ಆಗಸ್ಟ್‌ನಲ್ಲಿ ಬೀಗ ಹಾಕಿಸಿದರು. ಹೇಳಿದ ಕಾರಣ ಶುಚಿತ್ವ. ಯುಕ್ರೇನಿನ ಕ್ರೈಮಿಯಾವನ್ನು ರಷ್ಯಾ ವಶಪಡಿಸಿಕೊಂಡ ವಿಷಯಕ್ಕೆ ಅಮೆರಿಕದ ಜೊತೆ ಜಟಾಪಟಿ ನಡೆಯುತ್ತಿದ್ದ ಸಮಯ ಅದು. ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಅಡುಗೆಮನೆ ಅಷ್ಟು ಕೊಳಕಾಗಿತ್ತು ಅಂತ ನಂಬುವಷ್ಟು ಮುಗ್ಧ ನಾನಲ್ಲ.

ತ್ವೆರ್‌ಸ್ಕಾಯಾ ರಸ್ತೆ ದಾಟಿದರೆ ಪುಷ್ಕಿನ್ ಪ್ರತಿಮೆ. 1965ರ ಡಿಸೆಂಬರ್ 5ರಂದು ಒಂದಷ್ಟು ಜನ ಅಲ್ಲಿ ಸೇರಿ, ಬಂಧಿತರಾಗಿದ್ದ ಇಬ್ಬರು ಬರಹಗಾರರ ವಿಚಾರಣೆ ಬಹಿರಂಗವಾಗಿ ನಡೆಯಲಿ, ನಿಮ್ಮ ಸಂವಿಧಾನವನ್ನು ನೀವೇ ಗೌರವಿಸಿ ಎಂದು ಕೇಳಿದ್ದರು. 2021ರ ಜನವರಿ 23ರಂದು ಬಂಧನದಲ್ಲಿದ್ದ ವಿರೋಧಿ ನಾಯಕ ನವಾಲ್ನಿ ಬಿಡುಗಡೆಗಾಗಿ ಅದೇ ಜಾಗದಲ್ಲಿ ಸಾವಿರಾರು ಜನ ಸೇರಿದರು. ಎರಡು ಸಲವೂ ಹಲವರನ್ನು ಎಳೆದೊಯ್ದರು. ನನ್ನ ಪ್ರಕಾರ ಕಮ್ಯುನಿಸಂ ನಂತರದ ರಷ್ಯಾದ ಸುಧಾರಣೆ ಈ ರಸ್ತೆಯ ಒಂದು ಬದಿಯಲ್ಲಷ್ಟೇ ಆಯಿತು.

ಯುಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕನ್ನರು ಹೊರಟರು. ಸೈಬೀರಿಯಾದ ಉದ್ಯಮಿ ಅಲೆಕ್ಸಾಂಡರ್ ಗೋವೊರ್ ಎಲ್ಲವನ್ನೂ ಕೊಂಡರು. 2022ರ ಜೂನ್ 12ರಂದು ಹೊಸ ಹೆಸರಿನಲ್ಲಿ ಬಾಗಿಲು ತೆರೆಯಿತು. ನೌಕರರನ್ನು ಕನಿಷ್ಠ ಎರಡು ವರ್ಷ ಉಳಿಸಿಕೊಳ್ಳಬೇಕೆಂಬ ಷರತ್ತಿತ್ತು, ಅದು ಒಳ್ಳೆಯದಾಯಿತು. 15 ವರ್ಷದೊಳಗೆ ವಾಪಸ್ ಕೊಂಡುಕೊಳ್ಳುವ ಹಕ್ಕನ್ನೂ ಹಳೆಯ ಕಂಪನಿ ಒಪ್ಪಂದದಲ್ಲಿ ಇಟ್ಟುಕೊಂಡಿದೆ. ಅದು ನಡೆಯುತ್ತದಾ ಅಂತ ಮೇಡಂ ಅವರನ್ನು ಕೇಳಿದೆ. ‘ಒಪ್ಪಂದ ಚೆನ್ನಾಗಿಯೇ ಇರುತ್ತೆ, ಅದನ್ನು ಯಾವ ಕೋರ್ಟಿನಲ್ಲಿ ತೋರಿಸ್ತೀರಿ?’ ಅಂದರು.

ಮಧ್ಯಾಹ್ನ ರಶ್ ಜಾಸ್ತಿ, ಮೂರರ ಮೇಲೆ ಹೋಗಿ.