ಹದಿಮೂರು ನಿಮಿಷಕ್ಕೆ ನಾಲ್ಕು ದಾರಿ

ಇದೆಲ್ಲ ಶುರುವಾದದ್ದು ಒಂದು ಸಂಖ್ಯೆಯಿಂದ. ಜ್ವರ ಬಂದು ಮಲಗಿದ್ದ ದಿನ, ಬೇರೇನೂ ತೋಚದೆ 'ಫಸ್ಟ್ ಮ್ಯಾನ್' ಸಿನಿಮಾ ಹಾಕಿಕೊಂಡೆ. ಕೊನೆಯ ಭಾಗದಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಝ್ ಆಲ್ಡ್ರಿನ್ ಚಂದ್ರನ ಮೇಲೆ ಇಳಿಯುತ್ತಿರುವಾಗ ನೌಕೆಯೊಳಗೆ ಎಚ್ಚರಿಕೆಯ ಸದ್ದು ಮೊಳಗುತ್ತದೆ. '1202' ಎನ್ನುತ್ತಾರೆ. ಪರವಾಗಿಲ್ಲ, ಮುಂದುವರಿಯಿರಿ ಎಂದು ಭೂಮಿಯಿಂದ ಉತ್ತರ ಬರುತ್ತದೆ. ಅಷ್ಟೇ, ಮುಗಿಯಿತು. ಏನದು 1202? ಮುಂದುವರಿಯಿರಿ ಎಂದವರು ಯಾರು? ಪರವಾಗಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಯಿತು? ಸಿನಿಮಾ ಆ ಗೊಡವೆಗೇ ಹೋಗುವುದಿಲ್ಲ. ಜ್ವರ ಬಿಟ್ಟಿತು, ಸಂಖ್ಯೆ ಬಿಡಲಿಲ್ಲ.

ಅದರ ಬೆನ್ನು ಹತ್ತಿ ಮುಂದಿನ ಮೂರು ವಾರಗಳಲ್ಲಿ ಇನ್ನೂ ಮೂರನ್ನು ಮುಗಿಸಿದೆ: 2019ರ ಸಾಕ್ಷ್ಯಚಿತ್ರ 'ಅಪೊಲೊ 11', 1998ರ ಟಿ.ವಿ. ಸರಣಿ 'ಫ್ರಮ್ ದಿ ಅರ್ತ್ ಟು ದಿ ಮೂನ್', ಮತ್ತು ಬಿಬಿಸಿ ವರ್ಲ್ಡ್ ಸರ್ವಿಸ್‌ನ ಪಾಡ್‌ಕಾಸ್ಟ್ '13 ಮಿನಿಟ್ಸ್ ಟು ದಿ ಮೂನ್'. ನಾಲ್ಕರಲ್ಲೂ 1969ರ ಜುಲೈ 20ರ ಆ ಇಳಿತವಿದೆ. ಎಂಜಿನ್ ಹೊತ್ತಿದ ಗಳಿಗೆಯಿಂದ ನೆಲ ಮುಟ್ಟುವವರೆಗೆ ಹೆಚ್ಚುಕಡಿಮೆ ಹದಿಮೂರು ನಿಮಿಷ. ಕೊನೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಹಾಗಿದ್ದೂ ಯಾವುದು ನನ್ನ ಗಂಟಲು ಒಣಗಿಸಿತು ಎಂಬುದೊಂದೇ ನಾನು ಇಟ್ಟುಕೊಂಡ ಅಳತೆಗೋಲು. ಅಳತೆಗೋಲು ಸರಿಯಿಲ್ಲ ಎನ್ನುವವರು ತಮ್ಮದನ್ನು ತರಬಹುದು.

'ಫಸ್ಟ್ ಮ್ಯಾನ್' 2018ರದು, ಡೇಮಿಯನ್ ಶಜೆಲ್ ನಿರ್ದೇಶನ, 141 ನಿಮಿಷ. ಜೇಮ್ಸ್ ಹ್ಯಾನ್ಸನ್ ಬರೆದ ಜೀವನಚರಿತ್ರೆ ಅದಕ್ಕೆ ಆಧಾರ. ಚಂದ್ರಯಾನದ ಸಿನಿಮಾ ಎಂದುಕೊಂಡು ಕುಳಿತರೆ ಮೊದಲ ಕಾಲು ಗಂಟೆಯಲ್ಲೇ ಇದು ಮಗುವನ್ನು ಕಳೆದುಕೊಂಡ ತಂದೆಯೊಬ್ಬನ ಕಥೆ ಎಂದು ಅರ್ಥವಾಗುತ್ತದೆ. ಆರ್ಮ್‌ಸ್ಟ್ರಾಂಗ್ ದಂಪತಿಯ ಮಗಳು ಕ್ಯಾರೆನ್ 1962ರಲ್ಲಿ ತೀರಿಕೊಂಡಾಗ ಅವಳಿಗೆ ಎರಡೇ ವರ್ಷ. ಆರ್ಮ್‌ಸ್ಟ್ರಾಂಗ್ ಪಾತ್ರದ ರಯಾನ್ ಗಾಸ್ಲಿಂಗ್ ಆಮೇಲೆ ಸಿನಿಮಾದುದ್ದಕ್ಕೂ ಮುಖಕ್ಕೆ ಚಿಲಕ ಹಾಕಿಕೊಂಡೇ ಇರುತ್ತಾನೆ. ಕೆಲವರಿಗೆ ಅದು ಮಂಕಾಗಿ ಕಂಡಿತಂತೆ. ನನಗೆ ಕಾಣಲಿಲ್ಲ. ಮನೆಯಲ್ಲಿ ಸಾವು ಕಂಡು ಮರುದಿನ ಕೆಲಸಕ್ಕೆ ಹೊರಟವರ ಮುಖ ಹಾಗೆಯೇ ಇರುತ್ತದೆ.

ಈ ಸಿನಿಮಾದ ನಿಜವಾದ ಹೆಚ್ಚುಗಾರಿಕೆ ಇರುವುದು ಸದ್ದಿನಲ್ಲಿ. ಬಾಹ್ಯಾಕಾಶ ನೌಕೆ ಎಂದರೆ ನುಣುಪಾದ, ಬಿಳಿಯ, ಮೌನದ ವಸ್ತು ಎಂಬ ಕಲ್ಪನೆ ಇದ್ದರೆ ಇಲ್ಲಿ ಒಡೆದುಹೋಗುತ್ತದೆ. ತಗಡು ಕಿರುಗುಟ್ಟುತ್ತದೆ, ಮೊಳೆಗಳು ನಡುಗುತ್ತವೆ. 1966ರ ಜೆಮಿನಿ 8 ಯಾನದಲ್ಲಿ ನೌಕೆ ಗಿರಗಿರನೆ ಸುತ್ತತೊಡಗಿದಾಗ ಕ್ಯಾಮೆರಾ ಹೊರಗೆ ಹೋಗಿ ತೋರಿಸುವ ಕೃಪೆಯನ್ನು ಹೆಚ್ಚಾಗಿ ಮಾಡುವುದಿಲ್ಲ. ನಾವೂ ಒಳಗೇ ಸುತ್ತಬೇಕು. ಜ್ವರದ ತಲೆಗೆ ಅದು ಬೇಕಿರಲಿಲ್ಲ, ನಿಲ್ಲಿಸಿ ನೀರು ಕುಡಿದು ಬಂದೆ.

ಚಂದ್ರನ ಮೇಲೆ ಬಾಗಿಲು ತೆರೆದ ಕ್ಷಣ ಎಲ್ಲ ಸದ್ದೂ ಒಮ್ಮೆಲೇ ನಿಲ್ಲುತ್ತದೆ. ಆ ಮೌನದಲ್ಲಿ ನನ್ನ ಕೋಣೆಯ ಫ್ಯಾನ್ ತಿರುಗುವುದು ಕೇಳಿಸಿತು. ಅಲ್ಲಿಯವರೆಗೆ ಫ್ಯಾನ್ ಇದೆ ಎಂಬುದೇ ಮರೆತಿತ್ತು.

ಆದರೆ ಇಳಿತದ ವಿಷಯಕ್ಕೆ ಬಂದರೆ ನನ್ನ ತಕರಾರಿದೆ. ಜಸ್ಟಿನ್ ಹರ್ವಿಟ್ಜ್ ಅವರ ಸಂಗೀತ ಏರುತ್ತಾ ಏರುತ್ತಾ ಎಲ್ಲವನ್ನೂ ತಾನೇ ಹೊತ್ತುಕೊಳ್ಳುತ್ತದೆ. ನಾನು ಹೆದರುವ ಮೊದಲೇ ಸಂಗೀತ ನನ್ನ ಪರವಾಗಿ ಹೆದರಿಬಿಟ್ಟಿತು. ಎಚ್ಚರಿಕೆಯ ಸದ್ದು, ಕುಳಿ, ಬಂಡೆಗಳು, ಇಳಿಯುತ್ತಿರುವ ಇಂಧನ ಎಲ್ಲವೂ ಅಲೆಯ ಹಾಗೆ ಬಂದು ಹೋಗುತ್ತವೆ, ಒಂದನ್ನೂ ಹಿಡಿದು ನೋಡಲಾಗುವುದಿಲ್ಲ. ಆಮೇಲೆ ಮಗಳ ಪುಟ್ಟ ಕೈಬಳೆಯನ್ನು ಅವನು ಕುಳಿಯೊಳಗೆ ಬಿಡುವ ದೃಶ್ಯ. ನಾನು ಅತ್ತೆ. ಹಾಗೆ ನಡೆಯಿತೆಂಬುದಕ್ಕೆ ದಾಖಲೆಯಿಲ್ಲ ಎಂದು ಮರುದಿನ ತಿಳಿದಾಗ ಅತ್ತದ್ದನ್ನು ವಾಪಸ್ ಕೇಳಬೇಕೆನಿಸಿತು.

ಎರಡನೆಯದು 'ಅಪೊಲೊ 11'. ನೋಡುವಾಗ ತಂಗಿಯೂ ಜೊತೆಗಿದ್ದಳು. ಟಾಡ್ ಡಗ್ಲಸ್ ಮಿಲ್ಲರ್ ಮಾಡಿರುವ ಈ ಸಾಕ್ಷ್ಯಚಿತ್ರದಲ್ಲಿ ನಿರೂಪಕನಿಲ್ಲ, ಸಂದರ್ಶನವಿಲ್ಲ, ಅಂದಿನ ದಿನಗಳನ್ನು ನೆನೆದು ಕಣ್ಣೊರೆಸಿಕೊಳ್ಳುವ ವೃದ್ಧರಿಲ್ಲ. ಅಂದು ಚಿತ್ರೀಕರಿಸಿದ್ದು, ಅಂದು ಧ್ವನಿಮುದ್ರಿಸಿದ್ದು, ಅಲ್ಲಲ್ಲಿ ದಾರಿ ತೋರಿಸಲು ಸರಳ ರೇಖಾಚಿತ್ರ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಕ್ಕಿದ ದೊಡ್ಡ ಅಳತೆಯ ಫಿಲ್ಮ್ ಸುರುಳಿಗಳನ್ನು ಅವರು ಬಳಸಿಕೊಂಡರು. ಜೊತೆಗೆ ಸುಮಾರು 11,000 ಗಂಟೆಗಳ ಧ್ವನಿಮುದ್ರಣವಿತ್ತು. ಅಷ್ಟರಿಂದ 93 ನಿಮಿಷ ಹೆಕ್ಕಿದ್ದಾರೆ.

ರಾಕೆಟ್ಟನ್ನು ಹೊತ್ತು ತೆವಳುವ ಯಂತ್ರದ ಪಟ್ಟಿಗಳು ಪರದೆಯ ತುಂಬ ಉರುಳುವಾಗ ತಂಗಿ, "ಇದು ಆಗಿನದೇ ಏನಕ್ಕಾ? ಈಗ ಮಾಡಿದ ಹಾಗಿದೆಯಲ್ಲ!" ಎಂದಳು. ಬಣ್ಣ, ಬೆಳಕು ಅಷ್ಟು ತಾಜಾ. ಉಡಾವಣೆ ನೋಡಲು ಕಾರಿನ ಮೇಲೆ ಹತ್ತಿ ಕುಳಿತವರ ತಂಪು ಕನ್ನಡಕದಲ್ಲಿ ಆಕಾಶ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಣ್ಣ ರಿಪೇರಿ. ಇಂಧನ ತುಂಬಿದ ರಾಕೆಟ್ಟಿನ ಬಳಿ ಒಂದು ವಾಲ್ವ್ ಸೋರುತ್ತಿದೆ, ಕೆಲವರು ಹೋಗಿ ಬೋಲ್ಟ್ ಬಿಗಿ ಮಾಡುತ್ತಾರೆ. ಆ ಹೊತ್ತಿಗೆ ಗಗನಯಾತ್ರಿಗಳು ಹೊರಟೂ ಆಗಿದೆ. ಮನುಷ್ಯ ಚಂದ್ರನಿಗೆ ಹೋಗುವುದು ಒಂದು ಸ್ಪ್ಯಾನರಿನ ತಿರುವಿನ ಮೇಲೆ ನಿಂತಿತ್ತು! ನಂತರ ಉಡಾವಣೆಯ ಹೊತ್ತಿನ ಹೃದಯ ಬಡಿತ ಹೇಳುತ್ತಾರೆ: ಆರ್ಮ್‌ಸ್ಟ್ರಾಂಗ್ 110, ಮೂರನೆಯ ಗಗನಯಾತ್ರಿ ಕಾಲಿನ್ಸ್ 99, ಆಲ್ಡ್ರಿನ್ 88. ಆ 88 ಕೇಳಿ ಇಬ್ಬರೂ ಜೋರಾಗಿ ನಕ್ಕೆವು. ಮೆಟ್ಟಿಲು ಹತ್ತಿದರೆ ನನ್ನದು ಅದಕ್ಕಿಂತ ಹೆಚ್ಚು.

ಇಳಿಯುವ ದೃಶ್ಯ ಇಲ್ಲಿ ನೌಕೆಯ ಕಿಟಕಿಗೆ ಕಟ್ಟಿದ್ದ 16 ಎಂಎಂ ಕ್ಯಾಮೆರಾ ಕಂಡದ್ದು. ಬೂದುಬಣ್ಣದ ನೆಲ ನಿಧಾನವಾಗಿ ದೊಡ್ಡದಾಗುತ್ತದೆ. ಮುಖಗಳಿಲ್ಲ, ಬೆವರಿಲ್ಲ. ಕೊನೆಗೆ ಧೂಳು ಏಳುತ್ತದೆ, ನೆರಳು ಕಾಣುತ್ತದೆ. ಕಣ್ಣಿಗೆ ಇದಕ್ಕಿಂತ ದೊಡ್ಡ ಸತ್ಯ ಬೇಕಿಲ್ಲ. ಆದರೆ ನಡುವೆ ಮತ್ತೆ ಅದೇ '1202'. "ಏನದು?" ಎಂದಳು ತಂಗಿ. "ಗೊತ್ತಿಲ್ಲ ಮಾರಾಯ್ತಿ, ಅದನ್ನೇ ಹುಡುಕುತ್ತಿದ್ದೇನೆ" ಎಂದೆ. ವಿವರಿಸುವುದಿಲ್ಲ ಎಂಬುದು ಈ ಚಿತ್ರದ ವ್ರತ. ವ್ರತಕ್ಕೆ ಗೌರವವಿದೆ, ನನ್ನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

1998ರ ಸರಣಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೆರಡು ಕಂತು, ಹೆಚ್ಚಿನವಕ್ಕೆ ಟಾಮ್ ಹ್ಯಾಂಕ್ಸ್ ಅವರ ಮುನ್ನುಡಿ. ಕೆಲವು ಕಂತುಗಳು ಶಾಲೆಯ ಪಾಠದಂತಿವೆ, ಒಂದೆರಡರಲ್ಲಿ ನಾನು ನಿದ್ದೆ ಹೋದದ್ದೂ ನಿಜ. ಆದರೆ 'ಸ್ಪೈಡರ್' ಎಂಬ ಐದನೆಯ ಕಂತನ್ನು ಯಾರೂ ಬಿಡಬಾರದು. ಅದರ ನಾಯಕ ಗಗನಯಾತ್ರಿಯಲ್ಲ, ಚಂದ್ರನ ಮೇಲಿಳಿಯುವ ನೌಕೆಯನ್ನು ಕಟ್ಟಿದ ಎಂಜಿನಿಯರ್ ಟಾಮ್ ಕೆಲ್ಲಿ. ತೂಕ ಇಳಿಸಬೇಕು, ಎಲ್ಲಿಂದ ಇಳಿಸುವುದು? ಆಸನಗಳನ್ನೇ ಕಿತ್ತುಹಾಕಿದರು. ಕುಳಿತುಕೊಳ್ಳದಿದ್ದರೆ ಮುಖ ಕಿಟಕಿಗೆ ಹತ್ತಿರ ಬರುತ್ತದೆ, ಹಾಗಾಗಿ ಕಿಟಕಿಯೂ ಚಿಕ್ಕದಾದರೆ ಸಾಕು. ಇಬ್ಬರು ನಿಂತುಕೊಂಡೇ ಚಂದ್ರನ ಮೇಲೆ ಇಳಿದದ್ದು ಹೀಗೆ. ಇದನ್ನು ನೋಡಿದ ಮೇಲೆ ಸಾಕ್ಷ್ಯಚಿತ್ರದ ಆ ಕಿಟಕಿಯ ನೋಟವೇ ಬೇರೆಯಾಗಿ ಕಾಣತೊಡಗಿತು. (ಸೋವಿಯತ್ ಒಕ್ಕೂಟ ಮೊದಲು ಇಳಿದಿದ್ದರೆ ಎಂಬ ಕಲ್ಪನೆಯ 'ಫಾರ್ ಆಲ್ ಮ್ಯಾನ್‌ಕೈಂಡ್' ಕೂಡ ಎರಡು ಕಂತು ನೋಡಿ ಬಿಟ್ಟೆ. ನಡೆದದ್ದೇ ಇನ್ನೂ ಅರಗಿಲ್ಲ, ನಡೆಯದ್ದನ್ನು ಎಲ್ಲಿಟ್ಟುಕೊಳ್ಳಲಿ?)

ಪಾಡ್‌ಕಾಸ್ಟನ್ನು ಕೊನೆಗೆ ಇಟ್ಟುಕೊಂಡದ್ದು ನಂಬಿಕೆಯಿಲ್ಲದೆ. ಚಂದ್ರನನ್ನು ಕಿವಿಯಿಂದ ನೋಡುವುದೇನು ಬಂತು ಎಂಬ ತಾತ್ಸಾರ. 2019ರಲ್ಲಿ ಬಂದ ಮೊದಲ ಸರಣಿಯ ನಿರೂಪಕ ಕೆವಿನ್ ಫಾಂಗ್ ವೃತ್ತಿಯಿಂದ ವೈದ್ಯ, ಆತುರವಿಲ್ಲದ ದನಿ. ಕಂತೊಂದಕ್ಕೆ ಸುಮಾರು ಮುಕ್ಕಾಲು ಗಂಟೆ. ಹಾನ್ಸ್ ಝಿಮ್ಮರ್ ಅವರ ಸಂಗೀತ ಅಗತ್ಯಕ್ಕಿಂತ ಭಾರಿ. ಯಾರೋ ಮೇಜಿನ ಮುಂದೆ ಕುಳಿತು ಲೆಕ್ಕ ಮಾಡುತ್ತಿದ್ದಾರೆ ಎನ್ನುವಾಗಲೂ ಜಗತ್ತು ಮುಳುಗುತ್ತಿರುವ ಹಿನ್ನೆಲೆ. ಹೇಳಿದ್ದನ್ನೇ ಕಂತಿನ ಆರಂಭದಲ್ಲಿ ಮತ್ತೆ ಹೇಳುವ ಚಾಳಿಯೂ ಇದೆ. ಅದರ ಮೇಲೆ ನಾನು ಬಳಸಿದ ಆ್ಯಪ್, ಹೆಸರು ಬೇಡ, ಪ್ರತಿ ಸಲ ತೆರೆದಾಗಲೂ ಕೇಳಿದ ಜಾಗ ಮರೆತು ಮೊದಲಿಗೇ ಹೋಗುತ್ತಿತ್ತು. ಒಂದು ಕಂತಿನ ಮೊದಲ ಐದು ನಿಮಿಷ ನನಗೆ ಬಾಯಿಪಾಠವಾಗಿದೆ.

ಇಷ್ಟೆಲ್ಲ ಗೊಣಗಿಯೂ ಹೇಳುತ್ತೇನೆ, ನಾಲ್ಕರಲ್ಲಿ ಗೆದ್ದದ್ದು ಇದೇ.

ಏಕೆಂದರೆ ಇದು ಇಳಿತಕ್ಕೆ ಅವಸರಪಡುವುದಿಲ್ಲ. ಕಂತು ಕಂತಾಗಿ ಒಬ್ಬೊಬ್ಬರನ್ನೇ ಪರಿಚಯಿಸುತ್ತದೆ. ನಿಯಂತ್ರಣ ಕೊಠಡಿಯಲ್ಲಿದ್ದ ಹೆಚ್ಚಿನವರು ಇಪ್ಪತ್ತರ ಹರೆಯದವರು. ನೌಕೆಯ ಮಾರ್ಗದರ್ಶನ ವ್ಯವಸ್ಥೆಯ ಹೊಣೆ ಹೊತ್ತಿದ್ದ ಸ್ಟೀವ್ ಬೇಲ್ಸ್‌ಗೆ 26, ಹಿಂದಿನ ಕೋಣೆಯಿಂದ ಅವನಿಗೆ ನೆರವಾಗುತ್ತಿದ್ದ ಜ್ಯಾಕ್ ಗಾರ್ಮನ್‌ಗೆ 24. ಬರೆದು ಅಳಿಸಬಲ್ಲ ಸ್ಮೃತಿ ಬರೀ ನಾಲ್ಕು ಕಿಲೋಬೈಟಿನಷ್ಟಿದ್ದ ಕಂಪ್ಯೂಟರಿಗೂ ಒಂದು ಇಡೀ ಕಂತು. ಅದರ ಕಾಯಂ ಸ್ಮೃತಿಯನ್ನು ತಂತಿಯಲ್ಲಿ ಕೈಯಿಂದ ನೇಯುತ್ತಿದ್ದರು. ಒಂದು ತಂತಿ ಉಂಗುರದೊಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಅದರ ತಂತ್ರಾಂಶ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಅವರೇ ಇಲ್ಲಿ ಮಾತನಾಡುತ್ತಾರೆ.

ನನ್ನ 1202 ಸಿಕ್ಕಿದ್ದು ಇಲ್ಲೇ. ಕೆಲಸ ಹೆಚ್ಚಾಗಿದೆ, ಎಲ್ಲವನ್ನೂ ಮಾಡಲಾಗುತ್ತಿಲ್ಲ ಎಂಬುದು ಆ ಸಂಖ್ಯೆಯ ಮೂಲಕ ಕಂಪ್ಯೂಟರ್ ಹೇಳುತ್ತಿದ್ದ ಮಾತು. ಆ ಹೊತ್ತಿಗೆ ಬೇಡದ ಒಂದು ರೇಡಾರಿನಿಂದ ಸಂಕೇತಗಳು ಸುಮ್ಮನೆ ನುಗ್ಗಿ ಅದರ ಸಮಯ ತಿನ್ನುತ್ತಿದ್ದವು. ಅದು ಮುಖ್ಯವಲ್ಲದ ಕೆಲಸಗಳನ್ನು ಕೈಬಿಟ್ಟು, ಮುಖ್ಯವಾದವನ್ನು ಹಿಡಿದುಕೊಂಡು ಮತ್ತೆ ಶುರುಮಾಡುತ್ತಿತ್ತು. ಹಾಗೆಯೇ ಮಾಡುವಂತೆ ಅದನ್ನು ಬರೆದಿದ್ದರು. ಅದಕ್ಕಿಂತ ರೋಚಕವಾದದ್ದು ಇನ್ನೊಂದು. ಯಾನಕ್ಕೆ ಕೆಲವೇ ದಿನ ಮುಂಚೆ ನಡೆದ ತಾಲೀಮಿನಲ್ಲಿ ಇಂಥದೇ ಎಚ್ಚರಿಕೆ ಬಂದಾಗ ಬೇಲ್ಸ್ ಹೆದರಿ ಇಳಿತವನ್ನೇ ರದ್ದುಮಾಡಿಸಿದ್ದ. ತಪ್ಪು ತೀರ್ಮಾನ. ಇಂಥ ಪ್ರತಿಯೊಂದು ಎಚ್ಚರಿಕೆಗೂ ಏನು ಮಾಡಬೇಕೆಂದು ಬರೆದಿಡಿ ಎಂದು ಹಾರಾಟ ನಿರ್ದೇಶಕ ಜೀನ್ ಕ್ರಾಂಜ್ ತಾಕೀತು ಮಾಡಿದರು. ಗಾರ್ಮನ್ ಕೈಯಲ್ಲಿ ಬರೆದ ಪಟ್ಟಿ ಅವನ ಮೇಜಿನ ಗಾಜಿನಂಥ ಹಾಳೆಯ ಕೆಳಗೆ ಬಂದು ಕುಳಿತಿತು. ಸಿನಿಮಾದಲ್ಲಿ ನನ್ನನ್ನು ಕಾಡಿದ 'ಮುಂದುವರಿಯಿರಿ' ಎಂಬ ಮಾತಿನ ಹಿಂದೆ ಇದ್ದದ್ದು ಆ ಕಾಗದ.

ಇದೆಲ್ಲ ತಲೆಯಲ್ಲಿ ಕುಳಿತ ಮೇಲೆ ಕೊನೆಗೆ ಆ ಹದಿಮೂರು ನಿಮಿಷದ ಮೂಲ ಧ್ವನಿಯನ್ನು ಕೇಳಿಸುತ್ತಾರೆ. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಆರ್ಮ್‌ಸ್ಟ್ರಾಂಗ್ 1202 ಏನೆಂದು ಹೇಳಿ ಎಂದು ಕೇಳುವಾಗ ಆ ದನಿಯಲ್ಲಿ ಒಂದು ಸಣ್ಣ ಬಿಗಿ ಇದೆ. ಎರಡು ಸಲ ಕೇಳಿಸಿಕೊಂಡಿದ್ದರೂ ಅಲ್ಲಿಯವರೆಗೆ ಗಮನಿಸಿರಲಿಲ್ಲ. ಎಚ್ಚರಿಕೆ ಮೊಳಗಿದಾಗಿನಿಂದ ಉತ್ತರ ಬರುವವರೆಗೆ ಅರ್ಧ ನಿಮಿಷವೂ ಇಲ್ಲ, ಆದರೆ ಆ ಹೊತ್ತಿನಲ್ಲಿ ಹಿಂದಿನ ಕೋಣೆಯ ಹುಡುಗ ಪಟ್ಟಿ ನೋಡುತ್ತಿದ್ದಾನೆ, ಬೇಲ್ಸ್ ಬಾಯಿ ತೆರೆಯುತ್ತಿದ್ದಾನೆ ಎಂಬುದು ನನಗೆ ಗೊತ್ತು. ಆಮೇಲೆ 'ಅರವತ್ತು ಸೆಕೆಂಡ್', 'ಮೂವತ್ತು ಸೆಕೆಂಡ್'. ಅದು ಇಂಧನ ಪೂರ್ತಿ ಬರಿದಾಗಲು ಉಳಿದ ಸಮಯವಲ್ಲ, ಇಳಿಯುವುದೋ ಬಿಡುವುದೋ ಎಂದು ತೀರ್ಮಾನಿಸಲೇಬೇಕಾದ ಗಡುವಿಗೆ ಉಳಿದ ಸಮಯ. ಇಳಿದಾಯಿತು ಎಂದು ಕೇಳಿದ ಮೇಲೆ ಭೂಮಿಯಿಂದ ಮಾತನಾಡುತ್ತಿದ್ದ ಚಾರ್ಲಿ ಡ್ಯೂಕ್ ಇಳಿದ ಜಾಗದ ಹೆಸರು 'ಟ್ರಾಂಕ್ವಿಲಿಟಿ' ಎನ್ನಲು ಹೋಗಿ ನಾಲಿಗೆ ತೊಡರಿಸಿಕೊಳ್ಳುತ್ತಾರೆ. ನನ್ನ ಕೈಯಲ್ಲಿ ಒಂದು ಅಂಗಿಯ ತೋಳು ಹಾಗೆಯೇ ಇತ್ತು. ಮಡಚಲು ತೆಗೆದುಕೊಂಡದ್ದು ಯಾವಾಗ ಎಂದು ನೆನಪಿಲ್ಲ.

ಆ ರಾತ್ರಿಯೇ ಸಾಕ್ಷ್ಯಚಿತ್ರದ ಇಳಿತದ ಭಾಗವನ್ನಷ್ಟೇ ಮತ್ತೆ ಹಾಕಿದೆ. ಅದೇ ಬೂದು ನೆಲ, ಅದೇ ದನಿಗಳು. ಮೊದಲ ಸಲ ಸುಂದರವಾಗಿ ಕಂಡದ್ದು ಈಗ ಕೂರಲು ಬಿಡಲಿಲ್ಲ. ಹಾಗಾಗಿ ಯಾರಾದರೂ ಕೇಳಿದರೆ ನನ್ನ ಸಲಹೆ ಇಷ್ಟೇ: ಮೊದಲು ಪಾಡ್‌ಕಾಸ್ಟ್, ಆಮೇಲೆ ಸಾಕ್ಷ್ಯಚಿತ್ರ, ಅದೂ ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ. ಹತ್ತಾರು ಗಂಟೆ ಕೊಡಲಾಗದವರು ಸಾಕ್ಷ್ಯಚಿತ್ರದ ಜೊತೆಗೆ 'ಸ್ಪೈಡರ್' ಕಂತೊಂದನ್ನು ನೋಡಿದರೂ ನಷ್ಟವಿಲ್ಲ. 'ಫಸ್ಟ್ ಮ್ಯಾನ್' ಈ ಸಾಲಿಗೆ ಸೇರಿದ್ದಲ್ಲ. ಅದನ್ನು ಬೇರೊಂದು ದಿನ, ಚಂದ್ರನನ್ನು ಮರೆತು, ಆ ಮನೆಯವರಿಗಾಗಿ ನೋಡಬೇಕು. ಜ್ವರವಿಲ್ಲದಿದ್ದರೆ ಇನ್ನೂ ಒಳ್ಳೆಯದು.

ತಂಗಿ ಮೊನ್ನೆ ಮತ್ತೆ ಕೇಳಿದಳು, "ಅಕ್ಕಾ, ಆ ನಂಬರು ಏನೆಂದು ಗೊತ್ತಾಯಿತೇ?" ಗೊತ್ತಾಯಿತು, ಆದರೆ ಹೇಳುವುದಿಲ್ಲ ಎಂದೆ. ಸಿಟ್ಟು ಮಾಡಿಕೊಂಡು ಮೊದಲ ಕಂತು ಹಾಕಿಕೊಂಡಿದ್ದಾಳೆ. ಈಗ ಮೂರನೆಯದರಲ್ಲಿದ್ದಾಳೆ, ಸಂಗೀತ ಜಾಸ್ತಿಯಾಯಿತು ಎಂದು ಬೈಯುತ್ತಿದ್ದಾಳೆ.