ಹೊಸ ಕಾಯಿಲ್ ಮೇಲೆ ನನ್ನದೇ ಕೈಬರಹ!

ಎರಡು ದಿನವಾದರೂ ಸಿಟ್ಟು ಇಳಿದಿಲ್ಲ. ನಿಜ ಹೇಳಬೇಕಂದ್ರೆ ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ. ಸ್ಪೋರ್ಟ್ಸ್ ಕಾರಿನ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿ ಹಾರಿಸುವ ಕರೆಂಟ್ ಕೊಡುವ ಭಾಗ) ಬದಲಿಸಲು ಗ್ಯಾರೇಜಿಗೆ ಬಿಡುವವರು ಇದ್ದರೆ ಮೊದಲು ಇದನ್ನು ಓದಿ.

ನನ್ನದು ಫ್ಲಾಟ್ ಸಿಕ್ಸ್ ಎಂಜಿನ್, ಅಂದರೆ ಎರಡೂ ಬದಿಗೆ ಮೂರು ಮೂರು ಸಿಲಿಂಡರ್ ಮಲಗಿರುತ್ತವೆ, ಒಂದೊಂದಕ್ಕೂ ಒಂದು ಕಾಯಿಲ್. ಗೊತ್ತಲ್ಲ, ಕಾಯಿಲ್‌ಗಳು ಎರಡೂ ಬದಿಯಲ್ಲಿ ಕೆಳಗೆ, ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತವೆ. ಕಾವಿಗೆ ಪ್ಲಾಸ್ಟಿಕ್ ಸೀಳುತ್ತದೆ, ಸೀಳಿಗೆ ನೀರು ಸೇರುತ್ತದೆ, ಕಿಡಿ ಪ್ಲಗ್‌ಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ. ಕಾರು ತೊಳೆದ ಮರುದಿನ ಐಡಲ್‌ನಲ್ಲಿ ನಡುಕ, ಆಕ್ಸಿಲರೇಟರ್ ಒತ್ತಿದರೆ ಜಗ್ಗುವುದು, ಚೆಕ್ ಎಂಜಿನ್ ಲೈಟ್ ಮಿಣುಕುವುದು, ಎಲ್ಲಾ ಶುರುವಾಯಿತು. ಸ್ಕ್ಯಾನರ್‌ನಲ್ಲಿ ಪಿ0303 ಕೋಡ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಮೂರನೇ ಸಿಲಿಂಡರ್ ಮಿಸ್‌ಫೈರ್. ಆ ಕಾಯಿಲನ್ನು ಎರಡನೆಯದರ ಜೊತೆ ಅದಲುಬದಲು ಮಾಡಿದ್ದರೆ ಸಾಕಿತ್ತು. ಕೋಡ್ ಪಿ0302 ಆದರೆ ಕಾಯಿಲ್ ಹೋಗಿದೆ, ಪಿ0303 ಅಲ್ಲೇ ನಿಂತರೆ ಪ್ಲಗ್ಗೋ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ನೋಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸೋಮಾರಿತನ ಮಾಡಿದೆ.

ಗ್ಯಾರೇಜಿನವನು ಒಂದು ಬೋಲ್ಟ್ ಕೂಡ ಬಿಚ್ಚದೆ "ಆರೂ ಹೋಗಿವೆ ಸರ್" ಎಂದ. ಹಳೇ ಕಾಯಿಲ್‌ಗಳನ್ನು ಒಟ್ಟಿಗೇ ಬದಲಿಸುವುದು ಹೊಸದೇನಲ್ಲ, ಹಾಗಾಗಿ ಒಪ್ಪಿದೆ. "ಹಳೆಯದು ಬೇಕಾ ಸರ್?" ಅಂತಲೂ ಕೇಳಿದ. ಸೀಟು ಕೊಳೆ ಆಗುತ್ತೆ, ನೀವೇ ಬಿಸಾಕಿ ಅಂದೆ. ಈ ಬಾಯಿಂದಲೇ ಅಂದೆ.

ಎರಡು ವಾರ ಕಾರು ಬೆಣ್ಣೆ ಹಾಗೆ ಓಡಿತು. ಆ ಎರಡು ವಾರ ಒಂದು ಹನಿ ಮಳೆ ಬಂದಿರಲಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಮಳೆ ಬಂತು, ಅದೇ ನಡುಕ, ಅದೇ ಪಿ0303. ಫೋನ್ ಮಾಡಿದರೆ "ಹೊಸ ಕಾಯಿಲ್ ಅಲ್ವಾ ಸರ್, ಸೆಟ್ ಆಗೋಕೆ ಟೈಮ್ ಬೇಕು, ಓಡಿಸ್ತಾ ಇರಿ" ಎಂದ. ಸೆಟ್ ಆಗೋಕೆ ಅದೇನು ಹೊಸ ಚಪ್ಪಲಿಯಾ? ಆದರೂ ನಾನು ನಾಲ್ಕು ದಿನ ಓಡಿಸಿದೆ, ಲೈಟ್ ಮಿಣುಕುತ್ತಿದ್ದರೂ ಓಡಿಸಿದೆ.

ಐದನೇ ದಿನ ಚಕ್ರ ಬಿಚ್ಚಿ ಮೂರನೇ ಕಾಯಿಲ್ ಎಳೆದೆ. ಫಳಫಳ ಹೊಳೆಯುತ್ತಿತ್ತು. ಹೆಬ್ಬೆರಳಲ್ಲಿ ಒರೆಸಿದರೆ ಬೆರಳೆಲ್ಲ ಜಿಡ್ಡು, ಟೈರ್‌ಗೆ ಹಚ್ಚುವ ಪಾಲಿಶ್! ಕೆಳಗೆ ಕೂದಲೆಳೆಯಷ್ಟು ಸೀಳು, ಅದರ ಮೇಲೆ ಒಣಗಿದ ಅಂಟಿನ ಗೆರೆ. ಇನ್ನೂ ಸ್ವಲ್ಪ ಉಜ್ಜಿದೆ. ಮಾಸಿದ ಬಿಳಿ ಪೇಂಟ್‌ನಲ್ಲಿ "೩" ಅಂತ ಇತ್ತು. ಅದು ನನ್ನ ಕೈಬರಹ. ಎರಡು ವರ್ಷದ ಹಿಂದೆ ಪ್ಲಗ್ ಬದಲಿಸುವಾಗ ಅದಲುಬದಲು ಆಗದಿರಲಿ ಅಂತ ನಾನೇ ೧ರಿಂದ ೬ರವರೆಗೆ ಬರೆದಿದ್ದೆ. ಆರೂ ತೆಗೆದು ನೋಡಿದೆ, ಆರೂ ನನ್ನವೇ. ಬಿಲ್‌ನಲ್ಲಿ ಮಾತ್ರ ಆರು ಹೊಸ ಕಾಯಿಲ್. ನೆಲದ ಮೇಲೆ ಸುಮ್ನೆ ಕೂತುಬಿಟ್ಟೆ.

ಫೋಟೋ ಕಳಿಸಿದೆ. ಮೊದಲ ಉತ್ತರ: "ನಂಬರ್ ಕಂಪನಿಯಿಂದಲೇ ಬರೆದು ಬರುತ್ತೆ ಸರ್."

ಕನ್ನಡ ಅಂಕಿಯಲ್ಲಾ?

ಆಮೇಲೆ "ಹುಡುಗರು ತಪ್ಪಿ ಹಳೆಯದು ಹಾಕಿರಬೇಕು." ಆರಕ್ಕೆ ಆರೂ ತಪ್ಪಿ, ಅದೂ ಅಂಟು ಹಚ್ಚಿ, ಪಾಲಿಶ್ ಹೊಡೆದು! ದುಡ್ಡು ವಾಪಸ್ ಕೇಳಿದ್ದಕ್ಕೆ "ಇಂಥ ಗಾಡಿ ಇಟ್ಟುಕೊಂಡು ಇಷ್ಟಕ್ಕೆಲ್ಲ ಲೆಕ್ಕ ನೋಡ್ತೀರಾ ಸರ್?"

ಲೆಕ್ಕ ನೋಡಿ ಸ್ವಾಮಿ, ಎಲ್ಲರೂ ನೋಡಿ. ಬಿಡುವ ಮೊದಲು ಹಳೇ ಕಾಯಿಲ್ ಮೇಲೆ ಗುರುತು ಹಾಕಿ ಫೋಟೋ ತೆಗೆಯಿರಿ. ಹಳೆಯದನ್ನು ಕೇಳಿ ಈಸಿಕೊಳ್ಳಿ, ಸೀಟು ಹಾಳಾದರೆ ಆಗಲಿ. ಅದಲುಬದಲು ಮಾಡಿ ನೋಡದೆ "ಆರೂ ಹೋಗಿವೆ" ಅನ್ನುವವನಿಗೆ ಕೀ ಕೊಡಬೇಡಿ. ಲೈಟ್ ಮಿಣುಕಿದರೆ ಯಾರೇನೇ ಹೇಳಲಿ ಓಡಿಸಬೇಡಿ, ಸುಡದ ಪೆಟ್ರೋಲ್ ಎಕ್ಸಾಸ್ಟ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ಭಾಗವೇ ಕರಗಬಹುದು.

ನನ್ನದು ಈಗ ಸ್ಟಾರ್ಟ್ ಮಾಡಿದರೆ ಕೆಳಗೆ ಗಲಗಲ ಅನ್ನುತ್ತಿದೆ. ಅದನ್ನೂ ಅವನಿಗೆ ಬರೆದೆ. ನಿನ್ನೆ ರಾತ್ರಿ ಉತ್ತರ ಬಂತು: "ಕನ್ವರ್ಟರ್ ನಮ್ಮಲ್ಲೇ ಹಾಕಿಸಿ ಸರ್, ಡಿಸ್ಕೌಂಟ್ ಕೊಡ್ತೀವಿ."