ಜಂಕ್ ಫುಡ್ ಪೂರ್ತಿ ಬಿಟ್ಟ 90 ದಿನ, ಮಿತಿಯಲ್ಲಿ ತಿಂದ 90 ದಿನ

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.2 ಎಂದು ಬಂತು. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ತೋರಿಸುವ ಪರೀಕ್ಷೆ ಇದು. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಮಧುಮೇಹ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಈ ಹೊಸ್ತಿಲ ಮೇಲೆ ನಿಂತಿರುವವರು ದೇಶದಲ್ಲಿ 13.6 ಕೋಟಿ, ದಾಟಿ ಒಳಗೆ ಹೋದವರು 10.1 ಕೋಟಿ. ಅಷ್ಟು ಜನರಲ್ಲಿ ನಾನೊಬ್ಬಳು ಎಂದುಕೊಂಡರೆ ಸಮಾಧಾನವೇನೂ ಆಗಲಿಲ್ಲ. ನನ್ನ ತಂದೆ 58ಕ್ಕೆ ಕಾಲಿನ ಎರಡು ಬೆರಳು ಕಳೆದುಕೊಂಡದ್ದು ಇದೇ ಕಾಯಿಲೆಯಿಂದ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, 'ಸಂಜೆ ಶಾಲೆ ಬಿಟ್ಟ ಮೇಲೆ ಏನು ತಿನ್ನುತ್ತೀರಿ ಮೇಡಂ?'

ದಾವಣಗೆರೆಯಲ್ಲಿ ಇರುವವರಿಗೆ ಈ ಪ್ರಶ್ನೆಯ ಭಾರ ಗೊತ್ತಾಗುತ್ತದೆ. ನಮ್ಮದು ಮಂಡಕ್ಕಿ ಭಟ್ಟಿಗಳ ಊರು. ಸಂಜೆ ನಾಲ್ಕೂವರೆಯಾದರೆ ಬೀದಿ ಬೀದಿಗೂ ಬಾಣಲೆ ಕಾಯುತ್ತದೆ, ಮಿರ್ಚಿಯ ಘಾಟು ಗಾಳಿಯಲ್ಲಿ ತೇಲುತ್ತದೆ. ನನ್ನ ಒಂದು ವಾರದ ಲೆಕ್ಕ ಬರೆದುಕೊಂಡೆ: ಮೂರು ದಿನ ಮಿರ್ಚಿ ಮಂಡಕ್ಕಿ, ಎರಡು ದಿನ ಬೇಕರಿಯ ಪಫ್ಸ್ ಅಥವಾ ಖಾರಾ ಬನ್, ಒಂದು ಪ್ಲೇಟ್ ಗೋಬಿ ಮಂಚೂರಿ, ರಾತ್ರಿ ಉತ್ತರಪತ್ರಿಕೆ ತಿದ್ದುವಾಗ ಚಿಪ್ಸ್, ಮಗಳ ಡಬ್ಬಿಯಿಂದ ಕ್ರೀಮ್ ಬಿಸ್ಕತ್ತು. ತೂಕ 71.4 ಕಿಲೋ. ಎತ್ತರ ಐದಡಿ ಎರಡಿಂಚು.

'ಒಂದೇ ಏಟಿಗೆ ಬಿಟ್ಟುಬಿಡು' ಎಂದರು ನನ್ನ ಯಜಮಾನರು. ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ 'ಮಿತಿಯಲ್ಲಿ ತಿನ್ನಿ, ಏನೂ ಆಗುವುದಿಲ್ಲ' ಎಂದರು. ನಾನು ಗಣಿತ ಕಲಿಸುವವಳು. ಎರಡನ್ನೂ ಮಾಡಿ ನೋಡೋಣ ಎಂದುಕೊಂಡೆ. ಒಂದೊಂದಕ್ಕೆ 90 ದಿನ, ಒಂದೇ ನೋಟ್‌ಬುಕ್, ಎರಡರಲ್ಲೂ ಬೆಳಿಗ್ಗೆ 40 ನಿಮಿಷದ ನಡಿಗೆ. ಊಟ ಮಾತ್ರ ಮೊದಲಿನಂತೆಯೇ: ರೊಟ್ಟಿ, ಪಲ್ಯ, ಅನ್ನ, ಸಾರು, ಒಮ್ಮೊಮ್ಮೆ ಮುದ್ದೆ.

ಜೂನ್ 1ರಿಂದ ಪೂರ್ತಿ ಬಿಟ್ಟೆ. ಕರಿದದ್ದು, ಬೇಕರಿಯದ್ದು, ಪೊಟ್ಟಣದ್ದು, ಬಾಟಲಿಯದ್ದು ಯಾವುದೂ ಇಲ್ಲ. ಮೊದಲ ಹತ್ತು ದಿನ ಸಂಜೆ ತಲೆನೋವು, ಸಣ್ಣ ಮಾತಿಗೂ ಸಿಡುಕು. ಎಂಟನೇ ತರಗತಿಯ ಹುಡುಗನೊಬ್ಬ ಭಿನ್ನರಾಶಿಯ ಲೆಕ್ಕ ತಪ್ಪಿದ್ದಕ್ಕೆ ನಾನು ಗದರಿದ ರೀತಿ ನೆನೆದರೆ ಇಂದಿಗೂ ಬೇಸರವಾಗುತ್ತದೆ. ನಾಲ್ಕೂವರೆಗೆ ಒಂದು ಹಿಡಿ ಹುರಿಗಡಲೆ, ಒಂದು ಲೋಟ ಮಜ್ಜಿಗೆ ಎಂದು ನಿಯಮ ಮಾಡಿಕೊಂಡ ಮೇಲೆ ಅರ್ಧ ಕಷ್ಟ ಇಳಿಯಿತು. ನನ್ನ ಆಸೆಯಲ್ಲಿ ಬಹುಪಾಲು ಬರೀ ಹಸಿವೇ ಆಗಿತ್ತು! ಮಧ್ಯಾಹ್ನ ಒಂದಕ್ಕೆ ಉಂಡವಳು ಸಂಜೆಯ ತನಕ ನಿಂತು ಪಾಠ ಮಾಡಿದರೆ ಹಸಿಯದೆ ಇನ್ನೇನು?

ಮೂರನೇ ವಾರದಿಂದ ಚಿಪ್ಸ್ ನೆನಪೇ ಆಗಲಿಲ್ಲ. ಇದನ್ನು ಒತ್ತಿ ಹೇಳಬೇಕು. ಪೂರ್ತಿ ಬಿಡುವುದರ ದೊಡ್ಡ ಲಾಭ ತೂಕದಲ್ಲಿಲ್ಲ, ತಲೆಯೊಳಗೆ ಸಿಗುವ ಮೌನದಲ್ಲಿದೆ. ತಿನ್ನಲೋ ಬೇಡವೋ, ಒಂದೋ ಎರಡೋ, ನಿನ್ನೆ ತಿಂದೆನೋ ಇಲ್ಲವೋ ಎಂಬ ಚೌಕಾಸಿಯೇ ಇರುವುದಿಲ್ಲ. ನಾಲಿಗೆಯೂ ಬದಲಾಯಿತು. ಮನೆಯ ಸಾರು ಉಪ್ಪೆನಿಸತೊಡಗಿ, ಅಳತೆ ಕಡಿಮೆ ಮಾಡಿಕೊಂಡೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದಷ್ಟು.

ಆದರೆ ನಷ್ಟವೂ ಆಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ನಾವು ನಾಲ್ವರು ಶಿಕ್ಷಕಿಯರು ಮಿರ್ಚಿ ಗಾಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುವುದು ಹನ್ನೊಂದು ವರ್ಷದ ರೂಢಿ. ಮೊದಲ ಎರಡು ಶನಿವಾರ ಬರೀ ಚಹಾ ಹಿಡಿದು ಕುಳಿತೆ. ಮೂರನೆಯ ಶನಿವಾರ ನೆಪ ಹೇಳಿ ಮನೆಗೆ ಬಂದೆ, ಆಮೇಲೆ ಹೋಗಲೇ ಇಲ್ಲ. ಜುಲೈ ಕೊನೆಗೆ ನಮ್ಮ ದೊಡ್ಡ ಮೇಡಂ, ಕನ್ನಡ ಶಿಕ್ಷಕಿ, ನಿವೃತ್ತರಾದರು. ಸೇವೆಯ ಕೊನೆಯ ಶನಿವಾರ ಅವರು ಆ ಬೆಂಚಿನ ಮೇಲೆ ಕುಳಿತು ತಮ್ಮ ಮೊದಲ ಶಾಲೆಯ ಕತೆ ಹೇಳಿದರಂತೆ. ನಾನು ಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಆ ಮಧ್ಯಾಹ್ನ ನನಗೆ ಮತ್ತೆ ಸಿಗುವುದಿಲ್ಲ.

ನಾಗರಪಂಚಮಿಯಂದು ಅತ್ತೆ ಶೇಂಗಾ ಉಂಡೆ ಮುಂದಿಟ್ಟಾಗ ತುಸು ಗೊಂದಲವಾಯಿತು. ಬೆಲ್ಲ ಇದೆ, ತುಪ್ಪ ಇದೆ. ಇದೂ ಜಂಕ್ ಫುಡ್ ಸಾಲಿಗೆ ಸೇರುತ್ತದೆಯೇ? ಒಂದು ಉಂಡೆ ತಿಂದು, ತಿಂದೆನೆಂದೇ ನೋಟ್‌ಬುಕ್‌ನಲ್ಲಿ ಬರೆದೆ. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೂ ದಿನಾ ಕೈಗೆ ಸಿಗುವ ಪೊಟ್ಟಣಕ್ಕೂ ಒಂದೇ ಹೆಸರಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

90 ದಿನ ಮುಗಿದಾಗ ತೂಕ 68, ಎಚ್‌ಬಿಎ1ಸಿ 5.9. ಯಜಮಾನರು ಗೆದ್ದರು ಎಂದುಕೊಂಡೆವು.

ಮರುದಿನ ರಾತ್ರಿ ಹನ್ನೊಂದು ಗಂಟೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. 'ಅವಧಿ ಮುಗಿಯಿತಲ್ಲ, ನಾಲ್ಕು ತಿಂದರೆ ತಪ್ಪೇನು' ಎಂದು ಮಗಳ ಚಿಪ್ಸ್ ಪೊಟ್ಟಣ ತೆರೆದೆ. ಆರನೇ ಪತ್ರಿಕೆ ತಿದ್ದುವಾಗ ಬೆರಳು ತಳದ ಪುಡಿಗೆ ತಾಗಿತು. ದೊಡ್ಡ ಪೊಟ್ಟಣ ಖಾಲಿ. ಕೆಂಪು ಶಾಯಿಯ ಅಂಕದ ಪಕ್ಕದಲ್ಲೇ ಎಣ್ಣೆಯ ಬೆರಳಚ್ಚು ಮೂಡಿತ್ತು. ಮರುದಿನವೂ ಅದೇ, ಅದರ ಮರುದಿನವೂ. ಎಂಟು ದಿನದಲ್ಲಿ ತೂಕ ಒಂದು ಕಿಲೋ ಏರಿತು. ಬಿಟ್ಟದ್ದೇನೋ ಸರಿ, ಬಿಟ್ಟ ಮೇಲೆ ಹೇಗಿರಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ.

ಆಮೇಲೆ ಮಿತಿಯ ಸರದಿ. ದಿನಕ್ಕೆ ಒಂದು ಸಣ್ಣ ಬಟ್ಟಲು, ಅದರಲ್ಲಿ ಏನಾದರೂ ಆಗಲಿ, ಬಟ್ಟಲು ಮುಗಿದರೆ ಮುಗಿಯಿತು ಎಂದು ನಿರ್ಧರಿಸಿದೆ. ಹನ್ನೊಂದೇ ದಿನಕ್ಕೆ ಆ ನಿರ್ಧಾರ ಮುರಿದುಬಿತ್ತು. ಬಟ್ಟಲು ಚಿಕ್ಕದಿದ್ದರೂ ಡಬ್ಬಿ ಅಲ್ಲೇ ಇತ್ತಲ್ಲ. ಬೆಳಿಗ್ಗೆಯಿಂದಲೇ ಆ ಬಟ್ಟಲಿನ ಧ್ಯಾನ, ತಿಂದ ಮೇಲೆ ಇನ್ನೊಂದು ಬಟ್ಟಲಿನ ಚೌಕಾಸಿ. ಪೂರ್ತಿ ಬಿಟ್ಟಾಗ ಸಿಕ್ಕಿದ್ದ ಮೌನ ಹೋಗಿ ದಿನವಿಡೀ ಗದ್ದಲ.

ದಾರಿ ತೋರಿಸಿದವರು ಅತ್ತೆ. ಮೂವತ್ತು ವರ್ಷದಿಂದ ಸೋಮವಾರ ವಾರ ಹಿಡಿದವರು ಅವರು. ನನ್ನ ಬಟ್ಟಲು ನೋಡಿ, 'ವಾರ ಹಿಡಿಯುವವರಿಗೆ ದಿನ ಗೊತ್ತಿರಬೇಕಮ್ಮಾ. ದಿನಾ ಸ್ವಲ್ಪ ಸ್ವಲ್ಪ ವ್ರತ ಮಾಡುತ್ತೇನೆ ಎಂದರೆ ಯಾವ ದೇವರಿಗೂ ಲೆಕ್ಕ ಸಿಗುವುದಿಲ್ಲ' ಎಂದರು.

ಮಿತಿಯನ್ನು ಬಟ್ಟಲಿನಿಂದ ದಿನಕ್ಕೆ ಬದಲಿಸಿದೆ. ವಾರಕ್ಕೊಮ್ಮೆ, ಶನಿವಾರ, ಮನೆಯ ಹೊರಗೆ, ಕಣ್ಣೆದುರು ಮಾಡಿಕೊಟ್ಟದ್ದನ್ನು, ಜೊತೆಗಾರರೊಂದಿಗೆ ಕುಳಿತು ತಿನ್ನುವುದು. ಮನೆಯೊಳಗೆ ಪೊಟ್ಟಣ ತರುವಂತಿಲ್ಲ. ಮಗಳಿಗೆ ಬೇಕಾದರೆ ಅವಳೂ ಶನಿವಾರ ನಮ್ಮ ಜೊತೆ ಬರಬೇಕು. ಒಂಬತ್ತನೇ ತರಗತಿಯ ಹುಡುಗಿ, ಎರಡು ವಾರ ಮುಖ ಊದಿಸಿಕೊಂಡಿದ್ದಳು. ಮೂರನೇ ವಾರ ಬಂದು ಬೆಂಚಿನ ಮೇಲೆ ಕುಳಿತಳು.

ಅಷ್ಟು ವರ್ಷ ತಿಂದರೂ ನಾನು ಆ ಗಾಡಿಯನ್ನು ಸರಿಯಾಗಿ ನೋಡಿರಲೇ ಇಲ್ಲ. ಗಾಡಿಯವನು ಉದ್ದನೆಯ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಓಮ ಉಪ್ಪು ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ, ಬೋಗುಣಿಯ ಅಂಚಿಗೆ ಒಮ್ಮೆ ಒರೆಸಿ ಬಾಣಲೆಗೆ ಬಿಡುತ್ತಾನೆ. ಸುಂಯ್ ಎಂದು ನೊರೆ ಏಳುತ್ತದೆ. ನೊರೆ ಇಳಿಯುತ್ತಿದ್ದಂತೆ ಜಾಲರಿ ಸೌಟಿನಲ್ಲಿ ತಿರುವಿ, ಬಾಣಲೆಯ ಬದಿಗೆ ಒತ್ತಿ ಎಣ್ಣೆ ಬಸಿದು, ಹಳೆಯ ಪತ್ರಿಕೆಯ ತುಂಡಿನ ಮೇಲೆ ಇಡುತ್ತಾನೆ. ಎರಡನೆಯ ಶನಿವಾರ ನಾನು ಮನೆಯಿಂದ ಮುತ್ತುಗದ ಎಲೆ ಒಯ್ದೆ. ಅಚ್ಚಿನ ಶಾಯಿ ಹೊಟ್ಟೆಗೆ ಹೋಗುವುದು ಬೇಡ ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಗಾಡಿಯವನು ಬೇಸರಿಸಲಿಲ್ಲ. ಈಗ ಅವನೇ ಎಲೆ ಇಟ್ಟುಕೊಂಡಿದ್ದಾನೆ.

ಎರಡು ಮಿರ್ಚಿ, ಒಂದು ತಟ್ಟೆ ಮಂಡಕ್ಕಿ. ಮುಗಿದರೆ ಎದ್ದು ಮತ್ತೆ ಹಣ ಕೊಟ್ಟು, ಬಾಣಲೆಯಿಂದ ಇನ್ನೊಂದು ಸರದಿ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಹೊಟ್ಟೆ ಸಾಕು ಎನ್ನುತ್ತದೆ. ಚಿಪ್ಸ್ ಪೊಟ್ಟಣದಲ್ಲಿ ಈ ಕಾಯುವಿಕೆಯೇ ಇಲ್ಲ, ಕೈ ಹಾಕಿದರೆ ಸಿಗುತ್ತದೆ. 100 ಗ್ರಾಂ ಚಿಪ್ಸ್‌ನಲ್ಲಿ ಸುಮಾರು 550 ಕಿಲೋಕ್ಯಾಲರಿ, ಮೂರನೇ ಒಂದು ಪಾಲು ಕೊಬ್ಬು. ಅದು ಊಟವಾಯಿತೆಂದು ಹೊಟ್ಟೆಗೆ ಅನಿಸುವುದೂ ಇಲ್ಲ.

ಇದು ನನ್ನೊಬ್ಬಳ ದೌರ್ಬಲ್ಯವಲ್ಲ ಎಂದು ತಿಳಿದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ. 20 ಜನರನ್ನು ಒಂದೇ ಕಡೆ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಬಡಿಸಿದ್ದರಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸರಿಸಮ, ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ ಆಹಾರದ ಸರದಿಯಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡು ವಾರದಲ್ಲಿ ಸುಮಾರು 0.9 ಕಿಲೋ ದಪ್ಪಗಾದರು. ಅಂಥ ಪದಾರ್ಥದ ಎದುರು ಕುಳಿತವರಿಗೆ 'ಮಿತಿಯಲ್ಲಿ ತಿನ್ನಿ' ಎಂದು ಹೇಳುವುದು ನನಗೆ ಅನ್ಯಾಯವೆನಿಸುತ್ತದೆ.

ಹಾಗೆಂದು ಬೀದಿಯ ತಿನಿಸೆಲ್ಲ ನಿರಪಾಯ ಎಂದಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುತ್ತದೆ. ಕೆಟ್ಟಿತೆಂದು ಅಳೆಯಲು ಟೋಟಲ್ ಪೋಲಾರ್ ಕಾಂಪೌಂಡ್ (ಕಾಯಿಸಿದಾಗ ಎಣ್ಣೆ ಒಡೆದು ಹುಟ್ಟುವ ಅಂಶಗಳ ಪಾಲು) ಎಂಬ ಮಾನದಂಡವಿದೆ, ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ನಮ್ಮ ಬಳಿ ಅಳೆಯುವ ಸಾಧನವಿಲ್ಲ, ಕಣ್ಣು ಮೂಗು ಇವೆ. ಕಪ್ಪಾಗಿ, ಮಂದವಾಗಿ, ಬೇಗ ಹೊಗೆಯಾಡುವ ಎಣ್ಣೆ ಕಂಡರೆ ವಾಪಸು ಬರುತ್ತೇನೆ. ಒಂದು ಅಂಗಡಿಯಲ್ಲಿ ಅಂಥ ಎಣ್ಣೆಯ ಬಜ್ಜಿ ತಿಂದು ಎರಡು ದಿನ ಮಲಗಿದ ಮೇಲೆ ಕಲಿತ ಪಾಠ ಇದು. ಗೋಬಿ ಮಂಚೂರಿಯನ್ನೂ ಬಣ್ಣವಿಲ್ಲದೆ ಮಾಡಿಕೊಡಲು ಕೇಳುತ್ತೇನೆ. ಬಟ್ಟೆಗೆ ಹಾಕುವ ರೊಡಮೈನ್-ಬಿಯಂಥ ಬಣ್ಣಗಳು ಪತ್ತೆಯಾದ ಬಳಿಕ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆದರೂ ಕೇಳುವುದನ್ನು ಬಿಡಬಾರದು.

ತಂಪು ಪಾನೀಯದ ವಿಷಯದಲ್ಲಿ ಮಾತ್ರ ನನ್ನಲ್ಲಿ ಎರಡು ಮಾತಿಲ್ಲ. 300 ಮಿಲಿ ಕೋಲಾದಲ್ಲಿ 30 ಗ್ರಾಂಗೂ ಮಿಕ್ಕಿ ಸಕ್ಕರೆ. ಶನಿವಾರಕ್ಕೂ ಅದು ಬೇಡ.

ಮಿತಿಯ 90 ದಿನದಲ್ಲಿ ದಸರಾ ಬಂತು, ದೀಪಾವಳಿ ಬಂತು. ಕೊನೆಗೆ ತೂಕ 67.6, ಎಚ್‌ಬಿಎ1ಸಿ 5.8. ಇಳಿಕೆಯ ವೇಗ ನೋಡಿದರೆ ಪೂರ್ತಿ ಬಿಟ್ಟದ್ದೇ ಮೇಲು. ಆದರೆ ಎರಡನೆಯ ಸರದಿ ಮುಗಿದ ಮರುದಿನ ನಾನು ಏನನ್ನೂ ಮುಕ್ಕಲಿಲ್ಲ, ಮುಗಿಯಿತು ಎಂಬ ಭಾವವೇ ಬರಲಿಲ್ಲ. ಇಂದಿಗೂ ಅದೇ ನಡೆದಿದೆ. ಈ ಲೆಕ್ಕದಲ್ಲಿ ಒಂದು ಕೊರತೆ ಇರುವುದನ್ನೂ ಹೇಳಬೇಕು: ಎರಡನೆಯ ಸರದಿ ಮೊದಲನೆಯದು ಹಾಕಿಕೊಟ್ಟ ತಳಪಾಯದ ಮೇಲೆ ನಿಂತಿತ್ತು. ನಾಲಿಗೆ ಆಗಲೇ ಪಳಗಿತ್ತು. ನೇರವಾಗಿ ಶನಿವಾರದಿಂದ ಆರಂಭಿಸಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಯಾರಾದರೂ ಕೇಳಿದರೆ ಮೊದಲು ಒಂದು ತಿಂಗಳು ಪೂರ್ತಿ ಬಿಡಿ, ಮನೆಯ ಡಬ್ಬಿ ಖಾಲಿ ಮಾಡಿ, ಆಮೇಲೆ ಒಂದು ದಿನ, ಒಂದು ಜಾಗ ಗೊತ್ತು ಮಾಡಿಕೊಳ್ಳಿ ಎನ್ನುತ್ತೇನೆ. ಸಕ್ಕರೆ ಕಾಯಿಲೆ ಆಗಲೇ ಕಾಲಿಟ್ಟವರು, ರಕ್ತದೊತ್ತಡ ಏರಿದವರು ತಮ್ಮ ವೈದ್ಯರ ಮಾತು ಕೇಳಬೇಕು, ನನ್ನದಲ್ಲ.

ದೊಡ್ಡ ಮೇಡಂ ಅಂಥವರಲ್ಲಿ ಒಬ್ಬರು. ನಿವೃತ್ತಿಯಾದ ಮೇಲೆ ಅವರಿಗೆ ಮಧುಮೇಹ ಪತ್ತೆಯಾಯಿತು, ಕರಿದದ್ದನ್ನು ಪೂರ್ತಿ ಬಿಟ್ಟರು. ನನ್ನಂತೆ ಅವರೂ ಬೆಂಚು ಬಿಡುತ್ತಾರೆ ಎಂದುಕೊಂಡಿದ್ದೆ. ಮುಂದಿನ ಶನಿವಾರ ಆಟೊ ಇಳಿದು ಬಂದರು, ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಮೊಳಕೆ ಕಟ್ಟಿದ ಹೆಸರುಕಾಳು. ಗಾಡಿಯವನಿಗೆ ಡಬ್ಬಿ ಚಾಚಿ, 'ಸ್ವಲ್ಪ ಈರುಳ್ಳಿ ಕೊತ್ತಂಬರಿ ಹಾಕಪ್ಪಾ' ಎಂದರು. ಅವನು ಮಂಡಕ್ಕಿಗೆ ಹೆಚ್ಚಿಟ್ಟಿದ್ದ ಈರುಳ್ಳಿಯನ್ನು ಹಿಡಿ ತುಂಬ ಹಾಕಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ ಕೊಟ್ಟ. ಹಣ ತೆಗೆದುಕೊಳ್ಳಲಿಲ್ಲ. ದೊಡ್ಡ ಮೇಡಂ ನನ್ನ ಪಕ್ಕ ಕುಳಿತು, 'ಎಲ್ಲಿಗೆ ನಿಲ್ಲಿಸಿದ್ದೆ? ನೀವು ಅವತ್ತು ಇರಲಿಲ್ಲವಲ್ಲ' ಎಂದು ತಮ್ಮ ಮೊದಲ ಶಾಲೆಯ ಕತೆಯನ್ನು ಮೊದಲಿನಿಂದ ಶುರು ಮಾಡಿದರು.